ಪರದೆಯ ಕೆಳಭಾಗದಲ್ಲಿ ಬರೆಯುತ್ತಿದ್ದವರು

ಜಯಲತಾ ಮುಂಬೈ ಹತ್ತಿರದ ತುರ್ಭೆಯ ಔಷಧಿ ಕಂಪನಿಯೊಂದರಲ್ಲಿ ಸ್ಟಾಕ್ ಎಂಟ್ರಿ ಮಾಡುತ್ತಿದ್ದಳು. ಆ ಆಫೀಸಿನ ಹತ್ತು ಪರದೆಗಳೂ ಕಲ್ಯಾಣದ ಗೋಡೌನಿನ ಒಂದು ಪರದೆಯೂ ಒಂದೇ ದೊಡ್ಡ ಕಂಪ್ಯೂಟರಿಗೆ ಜೋಡಣೆಯಾಗಿದ್ದವು. 2005ರ ಒಂದು ಬೆಳಿಗ್ಗೆ ಅವಳು ಸಿರಪ್ಪಿನ ಹೆಸರು ಟೈಪ್ ಮಾಡುತ್ತಿದ್ದಾಗ ಅದರ ಮೇಲೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: ‘ನಮಸ್ಕಾರ. ನೀವು ಕನ್ನಡದವರಾ?’ ತಾನೇ ಏನೋ ಕೆಡಿಸಿಬಿಟ್ಟೆನೆಂದು ಬೆಚ್ಚಿದ ಜಯಲತಾ ಅಲ್ಲೇ ‘ಹೌದು’ ಎಂದು ಒತ್ತಿದಳು. ಅಂದಿನ ಪಟ್ಟಿಯಲ್ಲಿ ‘ಹೌದು’ ಎಂಬ ಔಷಧಿಯೊಂದು ಅಚ್ಚಾಗಿ ಬಂತು.

ಸಿಸ್ಟಮ್ ನೋಡಿಕೊಳ್ಳುವವರು ನಕ್ಕು, ಮಾತಾಡುವ ಸರಿಯಾದ ದಾರಿ ತೋರಿಸಿಕೊಟ್ಟರು. ಪರದೆ ಎರಡಾಗುತ್ತಿತ್ತು. ಮೇಲೆ ಇವಳ ಮಾತು, ಕೆಳಗೆ ಅತ್ತ ಕಡೆಯವರದು. ಅವರು ಒತ್ತಿದ ಒಂದೊಂದು ಅಕ್ಷರವೂ ಆಗಿಂದಾಗಲೇ ಕಾಣುತ್ತಿತ್ತು, ಅಳಿಸಿದ್ದು ಕೂಡ. ಹೆಸರಿನ ಜಾಗದಲ್ಲಿ ಮಾತ್ರ ಬರಿ ‘ಸ್ಟೋರ್2’.

ಈ ಸ್ಟೋರ್2 ಒಂದು ದಿನ ‘ಊಟ ಆಯ್ತಾ ಮಾರಾಯ್ರೆ?’ ಎಂದರೆ ಮರುದಿನ ‘ಊಟ ಆತೇನ್ರಿ?’ ಎನ್ನುತ್ತಿತ್ತು. ಸೋಮವಾರ ಊರು ಮೂಲ್ಕಿ, ಬುಧವಾರ ಯಾದಗಿರಿ. ನಿನ್ನೆ ಹೇಳಿದ್ದು ಇವತ್ತು ನೆನಪಿರುತ್ತಿರಲಿಲ್ಲ. ಯಾರೋ ತಮಾಷೆ ಮಾಡುತ್ತಿದ್ದಾರೆಂದು ಸಿಟ್ಟು ಬಂದರೂ ಬಿಡಲು ಮನಸ್ಸಾಗಲಿಲ್ಲ.

ಅದೇ ದಿನಗಳಲ್ಲಿ ನೌಪಾಡಾದ ಅವಳ ಮನೆಗೆ ಡೊಂಬಿವಲಿಯ ಹೋಟೆಲಿನವರ ಸಂಬಂಧ ಬಂತು. ಮದುವೆಯಾದ ಮೇಲೆ ಅವಳು ಕೆಲಸ ಬಿಡಬೇಕೆಂದ ಹುಡುಗ. ಅಪ್ಪ ಒಪ್ಪಿಬಿಟ್ಟಿದ್ದರು. ಒಂದು ಮಧ್ಯಾಹ್ನ ಜಯಲತಾ ಅದನ್ನೆಲ್ಲ ಪರದೆಯ ಮೇಲೆ ಬರೆದಳು. ಕೆಳಗೆ ಅಕ್ಷರಗಳು ಬಂದವು, ಅಳಿಸಿಹೋದವು, ಮತ್ತೆ ಬಂದವು: ‘ಬೇಡ ಅನಿಸಿದರೆ ಬೇಡ ಎಂದು ಹೇಳಿ. ನನ್ನ ಸಲ ನಾನು ಹೇಳಲಿಲ್ಲ.’

ಆ ಸಂಜೆಯೇ ಅವಳು ಬೇಡವೆಂದಳು. ಅಪ್ಪ ಆರು ವಾರ ಮಾತು ಬಿಟ್ಟರು.

ವರ್ಷದ ಸ್ಟಾಕ್ ನೋಡಲು ಕಲ್ಯಾಣಕ್ಕೆ ಹೋದಾಗ ಅವಳು ಮೊದಲು ಕೇಳಿದ್ದೇ ಸ್ಟೋರ್2 ಯಾರೆಂದು. ಇಬ್ಬರು ಎದ್ದು ನಿಂತರು. ಒಬ್ಬರು ಮೂಲ್ಕಿಯ ಲೋಕನಾಥ, ಐವತ್ತು ದಾಟಿದವರು. ಇನ್ನೊಬ್ಬರು ಯಾದಗಿರಿಯ ಮಾನಮ್ಮ. ಪಾಳಿಯ ಮೇಲೆ ಇಬ್ಬರಿಗೂ ಒಂದೇ ಪರದೆ, ಒಂದೇ ಪಾಸ್‌ವರ್ಡ್.

“ಮದುವೆ ವಿಷಯ ಬರೆದದ್ದು ಯಾರು?” ಎಂದಳು.

“ನಾನಲ್ಲ ಮಾರಾಯ್ತಿ. ನನಗೆ ಮದುವೆಯೇ ಆಗ್ಲಿಲ್ಲ,” ಎಂದರು ಲೋಕನಾಥ. “ಇವರೇ ಇರ್ಬೇಕು.”

“ಯವ್ವಾ, ನಾ ಅಲ್ಲ,” ಎಂದರು ಮಾನಮ್ಮ. “ನನ್ನ ಮದುವ್ಯಾಗ ನನ್ನ ಯಾರೂ ಕೇಳೇ ಇಲ್ಲ. ಬ್ಯಾಡ ಅನ್ನಾಕ ಎಲ್ಲಿಂದ ಬರತೈತಿ?”

ಇಬ್ಬರ ಮುಖದಲ್ಲೂ ಸುಳ್ಳಿನ ಗುರುತು ಕಾಣಲಿಲ್ಲ. ಅಂದು ಯಾರ ಪಾಳಿಯಿತ್ತೆಂದು ಕೇಳಿದರೆ, ಆ ವಾರವೆಲ್ಲ ಅದಲುಬದಲಾಗಿತ್ತಂತೆ. ಲೋಕಲ್ ರೈಲು ಹಿಡಿದು ಮರಳುವಾಗ ಜಯಲತಾಳಿಗೆ ತಲೆ ಚಿಟ್ಟುಹಿಡಿದಿತ್ತು. ಬೇಡವೆಂದದ್ದಕ್ಕೆ ಪಶ್ಚಾತ್ತಾಪವೇನೂ ಇರಲಿಲ್ಲ. ಆದರೆ ತನ್ನ ಬದುಕಿನ ಅಷ್ಟು ದೊಡ್ಡ ಮಾತನ್ನು ಯಾರ ಬಾಯಿಂದ ಕೇಳಿದೆನೆಂಬುದು ತಿಳಿಯಲೇ ಇಲ್ಲ.

ಮೂರು ವರ್ಷಗಳ ಮೇಲೆ ತಾನೇ ಮೆಚ್ಚಿದ ಸಮಿತ್‌ನನ್ನು ಮದುವೆಯಾದಳು. ಲೋಕನಾಥ, ಮಾನಮ್ಮ ಇಬ್ಬರನ್ನೂ ಕರೆದಿದ್ದಳು, ಇಬ್ಬರೂ ಜೊತೆಯಲ್ಲೇ ಬಂದರು. ಯಾರ ಕಾಲಿಗೆ ಮೊದಲು ಬಗ್ಗಬೇಕೆಂದು ತೋಚದೆ ಅವಳು ಒಂದು ಕ್ಷಣ ಹಾಗೇ ನಿಂತಳು.