ಸೂಜಿ ಚುಚ್ಚಿಸಿಕೊಂಡವನು ನಾನು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಗುತ್ತಿದ್ದೆ. ಎದುರಿಗೆ ನಕ್ಕರೆ ಬೇಜಾರು ಮಾಡಿಕೊಂಡಾರೆಂದು ಮನೆಗೆ ಬಂದು ಹೆಂಡತಿಯ ಮುಂದೆ ನಗುತ್ತಿದ್ದೆ. ನನ್ನ ಉದ್ಯೋಗವೂ ಹಾಗೆಯೇ. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವವನು ನಾನು. ಯಾರಾದರೂ ಬಂದು ‘ಒಂದೇ ಒಂದು ಸಲ ಹೀಗಾಯಿತು’ ಎಂದರೆ, ‘ಇನ್ನೊಂದು ಸಲ ಮಾಡಿ ತೋರಿಸಿ’ ಎನ್ನುತ್ತೇವೆ. ತೋರಿಸಲು ಆಗದಿದ್ದರೆ ಅದು ಆಗಿಯೇ ಇಲ್ಲವೆಂದು ತೀರ್ಮಾನಿಸಿ ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಈಗ ನಾನು ಹೇಳಹೊರಟಿರುವುದೂ ಒಂದೇ ಒಂದು ಸಲ ಆದದ್ದು. ಇದನ್ನು ಬಿಟ್ಟು ಮುಂದಕ್ಕೆ ಹೋಗಲು ಮಾತ್ರ ನನ್ನಿಂದ ಆಗಿಲ್ಲ. ನೀವು ನಕ್ಕರೂ ಬೇಸರವಿಲ್ಲ.

ಮೊದಲು ವಸಂತಕ್ಕನ ವಿಷಯ ಹೇಳಬೇಕು. ದಾವಣಗೆರೆಯಿಂದ ಓದಲು ಸಿಡ್ನಿಗೆ ಬಂದಾಗ ವೆಂಟ್‌ವರ್ತ್‌ವಿಲ್‌ನಲ್ಲಿ ಅವರ ಮನೆಯ ಒಂದು ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಕಾರ್ಕಳದ ಕಡೆಯವರು, ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ಮೊದಲ ದಿನ ನಾನು ‘ಆಂಟಿ’ ಎಂದದ್ದಕ್ಕೆ, “ಆಂಟಿ ಗೀಂಟಿ ಎಲ್ಲ ಬೇಡ ಮಾರಾಯ, ಅಕ್ಕ ಅನ್ನು ಸಾಕು” ಎಂದಿದ್ದರು. ಹಾಗಾಗಿ ಅವರ ಗಂಡ ಸುಧಾಕರ್ ನನಗೆ ಭಾವ ಆದರು. ಭಾವನಿಗೆ ಅಂಚೆ ವಿಂಗಡಿಸುವ ಕೆಲಸ. ಮಾತು ಕಡಿಮೆ. ಮಗ ನಿಶಾಂತ್ ಆಗ ಪ್ರೈಮರಿ ಸ್ಕೂಲಿನಲ್ಲಿದ್ದ. ಅವರಿಗೆಲ್ಲ ಮೀನು ಸಾರು ಮಾಡಿದ ದಿನವೂ ನನಗೆಂದು ಬೇರೆ ಪಾತ್ರೆಯಲ್ಲಿ ಅಕ್ಕ ಸೊಪ್ಪಿನ ಸಾರು ಇಡುತ್ತಿದ್ದರು. ಶನಿವಾರ ಸಂಜೆ ಯಾರದಾದರೂ ಮನೆಯಲ್ಲಿ ಭಜನೆ ಇರುತ್ತಿತ್ತು. ಕಾರಿದ್ದರೂ ಅಕ್ಕ ನಡೆದೇ ಹೋಗುವವರು. ತಾಳದ ಚೀಲ ಹಿಡಿದು ಅವರು ಮುಂದೆ. ಹಿಂದೆ ನಾನು ಮತ್ತು ಬೇರೆ ರೂಮಿನ ಇಬ್ಬರು ಹುಡುಗರು ಓಡುತ್ತಿದ್ದೆವು. “ಬೇಗ ಬನ್ನಿ ಮಾರಾಯ್ರೆ, ನೀವು ಮುಟ್ಟುವಾಗ ದೇವರು ಮಲಗಿ ಆಗ್ತದೆ!” ಎಂದು ರಸ್ತೆಯ ಆ ತುದಿಯಿಂದ ಕೂಗುತ್ತಿದ್ದರು. ಈ ದೇಶದಲ್ಲಿ ನನಗೆ ಊರು ಅಂತ ಅನಿಸಿದ್ದು ಆ ಒಂದು ರಸ್ತೆ ಮಾತ್ರ. ಈಗಲೂ ಅದರ ಬೇಲಿಗಳ ಬಣ್ಣ ನನಗೆ ಸಾಲಾಗಿ ನೆನಪಿದೆ.

ಕೆಲಸ ಸಿಕ್ಕಿ ಮೆಲ್ಬರ್ನಿಗೆ ಬಂದೆ. ರೂಪಾಳ ಜೊತೆ ಮದುವೆ, ಕಾಯಂ ವಾಸದ ಪಿಆರ್, ಮಗಳು, ಮಾರ್ಟ್‌ಗೇಜ್, ಎಲ್ಲರಿಗೂ ಆಗುವುದೆಲ್ಲ ಆಯಿತು. ಭಾನುವಾರದ ಫೋನು ಮಾತ್ರ ತಪ್ಪಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಸುಧಾಕರ ಭಾವ ಕಸದ ಡಬ್ಬಿಯನ್ನು ರಸ್ತೆಯ ಪಕ್ಕಕ್ಕೆ ತಳ್ಳಿಕೊಂಡು ಹೋದವರು ಗೇಟಿನ ಬಳಿಯೇ ಕುಸಿದು ತೀರಿಕೊಂಡರು. ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಗೊತ್ತಾದದ್ದು ಪಕ್ಕದ ಮನೆಯವರು ಬಾಗಿಲು ಬಡಿದಾಗ.

ಅಂದಿನಿಂದ ಅಕ್ಕ ಹೊಸಿಲು ದಾಟಲಿಲ್ಲ. ದಾಟಲು ಹೋದರೆ ಎದೆ ಡವಗುಟ್ಟಿ, ಮೈ ಬೆವತು, ಬಾಗಿಲ ಚೌಕಟ್ಟು ಹಿಡಿದು ಕೂತುಬಿಡುತ್ತಿದ್ದರು. ಡಾಕ್ಟರು, ಕೌನ್ಸೆಲಿಂಗು, ಮಾತ್ರೆ ಎಲ್ಲವೂ ಆಯಿತು. ಅಷ್ಟರಲ್ಲಿ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸಕ್ಕೆ ಸೇರಿದ್ದ ನಿಶಾಂತ್ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದು ತಾಯಿಯ ಜೊತೆ ಉಳಿದ. ನಾನು ಸಾಧ್ಯವಾದಾಗಲೆಲ್ಲ ಹೋಗಿ ಬರುತ್ತಿದ್ದೆ. ಹಜಾರದಲ್ಲಿ ಕೂತು ಹಳೆಯದನ್ನೆಲ್ಲ ಮಾತಾಡುತ್ತಿದ್ದೆವು. ಹೊರಡುವಾಗ ಅಕ್ಕ ಬಾಗಿಲಿನಿಂದ ಎರಡು ಹೆಜ್ಜೆ ಒಳಗೇ ನಿಂತು ಕೈ ಬೀಸುತ್ತಿದ್ದರು. ಅಷ್ಟು ಜೋರಾಗಿ ನಡೆಯುತ್ತಿದ್ದವರು!

ಇನ್ನು ನನ್ನ ಕಾಯಿಲೆ. ಕುತ್ತಿಗೆಯಿಂದ ಬಲಭುಜಕ್ಕೆ ಇಳಿಯುವ ನೋವು ಬಹಳ ಕಾಲದಿಂದ ಇತ್ತು. ಅದರ ಜೊತೆಗೆ ನಿದ್ದೆ ಕೆಟ್ಟಿತು. ಸಂಜೆಯಾದರೆ ಕಾರಣವಿಲ್ಲದೆ ಎದೆ ಭಾರವಾಗುತ್ತಿತ್ತು. ಟ್ರ್ಯಾಮಿನಲ್ಲಿ ನಿಂತಲ್ಲೇ ಕಣ್ಣು ತುಂಬಿಬಿಡುತ್ತಿತ್ತು. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವೂ ನಾರ್ಮಲ್. ಫಿಸಿಯೋ ಮಾಡಿಸಿದೆ, ಮಾತ್ರೆ ನುಂಗಿದೆ. ಕೊನೆಗೆ ರೂಪಾ ಯಾರನ್ನೋ ಕೇಳಿ ಬಾಕ್ಸ್ ಹಿಲ್‌ನ ಚೀನೀ ವೈದ್ಯೆಯೊಬ್ಬರ ಹತ್ತಿರ ಬುಕ್ ಮಾಡಿದಳು. “ನಂಬಬೇಡ, ಸುಮ್ನೆ ಹೋಗಿ ಮಲ್ಕೊಂಡು ಬಾ” ಎಂದಳು.

ಡಾಕ್ಟರ್ ಲಿನ್ ನನ್ನ ನಾಲಗೆ ನೋಡಿದರು. ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು ತುಂಬ ಹೊತ್ತು ನಾಡಿ ಹಿಡಿದರು. ತೊಗಟೆ, ಬೇರು, ಒಣಗಿದ ಖರ್ಜೂರದಂಥ ಹಣ್ಣುಗಳಿದ್ದ ಕಂದು ಕಾಗದದ ಪೊಟ್ಟಣಗಳನ್ನು ಕಟ್ಟಿಕೊಟ್ಟರು. ಅದನ್ನು ಕುದಿಸಿದ ದಿನ ಮಗಳು ಮೂಗು ಹಿಡಿದುಕೊಂಡು, “ಡ್ಯಾಡ್, ಇಟ್ಸ್ ಲೈಕ್ ಡ್ರಿಂಕಿಂಗ್ ಅ ಶೆಡ್” ಎಂದಳು. ಕುಡಿದೆ. ವಾರಕ್ಕೊಮ್ಮೆ ಆಫೀಸಿನಿಂದ ನೇರ ಹೋಗಿ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಂಡೆ. ನೋವು ತುಸು ಇಳಿದಂತೆ ಅನಿಸಿದರೂ ಅದು ಅರ್ಧ ಗಂಟೆ ಮಲಗಿದ್ದರ ಗುಣವೆಂದೇ ನನ್ನ ಲೆಕ್ಕ. ಈ ಚಿಕಿತ್ಸೆಯ ವಿಷಯ ಅಕ್ಕನಿಗಾಗಲಿ ನಿಶಾಂತನಿಗಾಗಲಿ ಹೇಳಿರಲಿಲ್ಲ. ಅವರ ತಾಪತ್ರಯ ಅವರಿಗೇ ಸಾಕಷ್ಟಿತ್ತು.

ಅದು ಜುಲೈ ತಿಂಗಳ ಒಂದು ಸಂಜೆ. ಇಲ್ಲಿ ಅದು ಚಳಿಗಾಲ, ಬೇಗ ಕತ್ತಲಾಗುವ ಕಾಲ. ಎಂದಿನಂತೆ ಸಾಕ್ಸ್ ತೆಗೆದು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಮಂಚದ ಮೇಲೆ ಮಲಗಿದೆ. ಡಾಕ್ಟರ್ ಲಿನ್ ಕಾಲಿಗೆ, ಕೈಗೆ, ಭುಜಕ್ಕೆ ಸೂಜಿ ಹಾಕಿದರು. ಆ ದಿನ ಮೊದಲ ಬಾರಿಗೆ ಎರಡು ಹುಬ್ಬುಗಳ ನಡುವೆಯೂ ಒಂದನ್ನು ಹಾಕಿದರು. ಪಾದದ ಹತ್ತಿರ ಬಿಸಿಯ ದೀಪವಿಟ್ಟು, ಪರದೆ ಎಳೆದು ಹೋದರು.

ನಿದ್ದೆ ಬಂತೋ ಇಲ್ಲವೋ ಹೇಳಲಾರೆ. ಅಂಗಾಲಿಗೆ ತಣ್ಣನೆಯ ಹುಲ್ಲು ತಾಗಿತು. ನೋಡಿದರೆ ವೆಂಟ್‌ವರ್ತ್‌ವಿಲ್ ಮನೆಯ ಹಿತ್ತಲು. ಬಟ್ಟೆ ಒಣಹಾಕುವ ಕಂಬದ ಪಕ್ಕ ನಾನು ನಿಂತಿದ್ದೇನೆ. ಡ್ರಮ್ಮಿನಲ್ಲಿ ನೆಟ್ಟ ಕರಿಬೇವಿಗೆ ಚಳಿ ತಾಗದಂತೆ ಹಳೆಯ ಬೆಡ್‌ಶೀಟು ಹೊದಿಸಿದೆ. ಅಡುಗೆಮನೆಯ ಕಿಟಕಿಯಲ್ಲಿ ಬೆಳಕು. ಒಳಗೆ ಹೋಗಬೇಕು, ಒಂದು ಲೋಟ ಚಹಾ ಕೇಳಬೇಕು ಅನಿಸಿತು. ಎಂಥ ಆಸೆ ಅದು! ಆದರೆ ಕಾಲು ಬಾಗಿಲ ಕಡೆ ಹೋಗಲಿಲ್ಲ. ಮನೆಯ ಪಕ್ಕದ ಓಣಿಯಲ್ಲಿ ಹಾದು, ಗೇಟು ದಾಟಿ, ರಸ್ತೆಯಲ್ಲಿ ನಡೆಯತೊಡಗಿತು. ಹಿಂದಿನಿಂದ ಚಪ್ಪಲಿಯ ಪಟಪಟ ಸದ್ದು ಬರುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಪಾದದ ಮೇಲೆ ಕೈ ಬಿದ್ದು ಕಣ್ಣು ಬಿಟ್ಟೆ. ಡಾಕ್ಟರ್ ಲಿನ್ ಒಂದು ಕೈಯಲ್ಲಿ ನನ್ನ ಅಂಗಾಲು ಹಿಡಿದು ಇನ್ನೊಂದು ಕೈಯನ್ನು ದೀಪದ ಕೆಳಗೆ ಒಡ್ಡಿ ನೋಡುತ್ತಿದ್ದರು. ದೀಪ ಬಿಸಿಯಾಗಿಯೇ ಇತ್ತು. ನನ್ನ ಪಾದ ಮಂಜುಗಡ್ಡೆಯ ಹಾಗಿತ್ತು. ಅವರು ಟವೆಲಿನಿಂದ ಉಜ್ಜಿ ಬೆಚ್ಚಗೆ ಮಾಡಿದರು. ಹಳೆಯ ಮನೆಯ ಕನಸು ಬಿತ್ತೆಂದು ಖುಷಿಯಲ್ಲೇ ಸ್ಟೇಷನ್ನಿಗೆ ನಡೆದೆ.

ಟ್ರೈನಿನಲ್ಲಿದ್ದಾಗ ನಿಶಾಂತನ ಫೋನು ಬಂತು. “ಅಂಕಲ್, ಆರ್ ಯೂ ಇನ್ ಸಿಡ್ನಿ?”

“ಇಲ್ವೋ, ಮೆಲ್ಬರ್ನಲ್ಲೇ ಇದೀನಿ, ಮನೆಗ್ ಹೋಗ್ತಿದೀನಿ. ಯಾಕೆ?”

“ಅಮ್ಮ ವೆಂಟ್ ಔಟ್, ಅಂಕಲ್. ಆಲ್ ದ ವೇ ಟು ದ ಬಸ್ ಸ್ಟಾಪ್.” ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡರು.

“ಎಂಥ ಮಾರಾಯ ನೀನು! ಅಷ್ಟು ದೂರದಿಂದ ಬಂದವ ಒಳಗೆ ಬರ್ಲಿಕ್ಕೆ ಎಂಥ ದಾಡಿ ನಿಂಗೆ? ಈ ಚಳಿಗೆ ಬರಿಗಾಲಲ್ಲಿ, ಪ್ಯಾಂಟು ಮೊಣಗಂಟಿಗೆ ಮಡಚಿಕೊಂಡು, ಗದ್ದೆಗೆ ಇಳಿಯುವವರ ಹಾಗೆ! ಕಿಟಕಿಯಿಂದ ಎಷ್ಟು ಕರ್ದೆ, ತಿರುಗ್ಲೇ ಇಲ್ಲ. ಹಣೆಯಲ್ಲಿ ಎಂಥದ್ದೋ ಮಿಣಮಿಣ ಹೊಳೀತಾ ಇತ್ತು. ಪೆಟ್ಟು ಗಿಟ್ಟು ಮಾಡಿಕೊಂಡಿದ್ದೀಯಾ?”

ಅಕ್ಕ ಹೇಳುತ್ತಲೇ ಹೋದರು. ಹಿಂಬಾಗಿಲಲ್ಲಿದ್ದ ಭಾವನ ರಬ್ಬರ್ ಚಪ್ಪಲಿ ಎತ್ತಿಕೊಂಡು, ಅದನ್ನಾದರೂ ಹಾಕಿಕೋ ಎನ್ನುತ್ತ ನನ್ನ ಹಿಂದೆ ಬಂದರಂತೆ. ಓಣಿ, ಗೇಟು, ರಸ್ತೆ ದಾಟಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಮೂಲೆಯ ಬಸ್ ಸ್ಟಾಪಿನ ಹತ್ತಿರ ನಾನು ಕಾಣಿಸಲಿಲ್ಲ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. “ಬಸ್ಸಿನವ ಬಾಗಿಲು ತೆಗ್ದು, ಹತ್ತುದಾ ಅಂತ ಕೇಳಿದ. ಆಗ್ಲೇ ನಂಗೆ ಗೊತ್ತಾದ್ದು, ನಾನು ಎಲ್ಲಿ ನಿಂತಿದ್ದೇನೆ ಅಂತ.”

“ಅಕ್ಕ, ನಾನು ನಿಜವಾಗ್ಲೂ ಮೆಲ್ಬರ್ನಲ್ಲೇ ಇದೀನಿ.”

ಅಕ್ಕ ಮೆಲ್ಲಗೆ ಕೇಳಿದರು: “ಹಾಗಾದ್ರೆ ನಾನು ಯಾರ ಹಿಂದೆ ಹೋದದ್ದು?”

ಮರುದಿನ ಅಕ್ಕ ಮತ್ತೆ ಮೂಲೆಯವರೆಗೆ ನಡೆದರು. ಎದೆ ಡವಗುಟ್ಟಿತಂತೆ, ಆದರೆ ಕಾಲು ನಿಲ್ಲಲಿಲ್ಲ. ಇನ್ನೂ ಕೆಲವು ದಿನ ಕಳೆದ ಮೇಲೆ ಸ್ಟೇಷನ್ ಹತ್ತಿರದ ಅಂಗಡಿಗೆ, ಆಮೇಲೆ ಭಜನೆಗೆ. ನಿಶಾಂತ್ ಆಫೀಸಿಗೆ ಹೋಗತೊಡಗಿದ.

ಯಾರೋ ದಾರಿಹೋಕ ಹಿತ್ತಲಿಗೆ ನುಗ್ಗಿರಬೇಕು ಎಂಬುದು ನಿಶಾಂತನ ವಾದ. ನನಗೂ ಅಕ್ಕನಿಗೂ ಒಬ್ಬರ ಚಿಂತೆ ಇನ್ನೊಬ್ಬರಿಗೆ, ಅದು ಕಾಕತಾಳೀಯ ಎಂಬುದು ರೂಪಾಳದು. ಇಬ್ಬರ ಮಾತೂ ಸರಿಯೇ ಇರಬಹುದು. ಆದರೆ ಮಡಚಿದ ಪ್ಯಾಂಟು? ಹಣೆಯ ಹೊಳಪು? ಕರಿಬೇವಿಗೆ ಬೆಡ್‌ಶೀಟು ಹೊದಿಸಿದ್ದು ಆ ವಾರವಷ್ಟೇ ಎಂದು ಆಮೇಲೆ ತಿಳಿಯಿತು. ಡಾಕ್ಟರ್ ಲಿನ್‌ಗೆ ಎಲ್ಲ ಹೇಳಿದೆ. ಅವರು ನಗಲೂ ಇಲ್ಲ, ಅಚ್ಚರಿಪಡಲೂ ಇಲ್ಲ. ಆ ಹೆಂಗಸಿಗೆ ಈಗ ನಿದ್ದೆ ಬರುತ್ತಿದೆಯೇ ಎಂದು ಕೇಳಿ, ನನ್ನ ನಾಡಿ ಹಿಡಿದರು. ಹುಬ್ಬುಗಳ ನಡುವೆ ಮತ್ತೆಷ್ಟೋ ಸಲ ಸೂಜಿ ಹಾಕಿದ್ದಾರೆ. ನಾನು ಎಲ್ಲಿಗೂ ಹೋಗಿಲ್ಲ. ಭುಜದ ನೋವು ಇವತ್ತಿಗೂ ಪೂರ್ತಿ ಹೋಗಿಲ್ಲ.

ಆ ಚಳಿಗಾಲ ಕಳೆದ ಮೇಲೆ ನಾನು ಸಿಡ್ನಿಗೆ ಹೋದಾಗ ಅಕ್ಕ ನನ್ನನ್ನು ಬಸ್ಸು ಹತ್ತಿಸಲು ಮೂಲೆಯವರೆಗೆ ಬಂದರು. ಮೊದಲಿನಂತೆಯೇ ಅವರು ಮುಂದೆ, ನಾನು ಹಿಂದೆ. ಸ್ಟಾಪಿನ ಹತ್ತಿರದ ದೀಪದ ಕಂಬ ತೋರಿಸಿ ಸಹಜವಾಗಿ ಹೇಳಿದರು: “ಇಲ್ಲಿಯೇ ನೋಡು, ನೀನು ಕಡೆಗೊಮ್ಮೆ ತಿರುಗಿದ್ದು. ಬಾ ಬಾ ಅಂತ ಕೈ ಮಾಡಿದ್ದಲ್ವಾ? ಅಲ್ಲದಿದ್ರೆ ನಾನು ಅರ್ಧ ದಾರಿಯಿಂದ್ಲೇ ವಾಪಸು ಹೋಗ್ತಿದ್ದೆ.”

ನಾನು ತಿರುಗಿರಲಿಲ್ಲ. ಆ ಸಂಜೆಯದು ಬೇರೇನು ಮರೆತರೂ ಅದೊಂದು ನನಗೆ ಖಚಿತವಾಗಿ ನೆನಪಿದೆ. ತಿರುಗಬೇಕೆಂದುಕೊಂಡೆ, ಆಗಲಿಲ್ಲ. ಹಾಗೆಂದು ಅಕ್ಕನಿಗೆ ಹೇಳಹೊರಟು ಅವರ ಮುಖ ನೋಡಿದೆ. ಅವರು ಆ ಕಂಬದ ಕಡೆಗೇ ನೋಡುತ್ತ, ಯಾರದೋ ಗುರುತು ಹಿಡಿದವರ ಹಾಗೆ, ಹಿಂದೆ ಭಾವ ಕೆಲಸದಿಂದ ಬರುವಾಗ ನಗುತ್ತಿದ್ದಂತೆಯೇ ಸಣ್ಣಗೆ ನಗುತ್ತಿದ್ದರು. ಬಸ್ಸು ಬಂತು. “ಹತ್ತು ಮಾರಾಯ, ಅವ ಕಾಯುದಿಲ್ಲ” ಎಂದರು. ಹತ್ತಿದೆ.