ಸೆರಗು ತೆಗೆಯೆಂದ ಯಂತ್ರ

ನನ್ನ ಅತ್ತೆಯ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗ ಇದ್ದಷ್ಟು ಕಾಲ ಸೀರೆಯ ಎಳೆಗೆ ಸೆರಗಿನ ಎಳೆ ಹೊಸೆದು ಕೂಡಿಸಿದ ಬೆರಳು ಅದು. ಪಿಂಚಣಿ ನಿಲ್ಲಬಾರದೆಂದು, ಅವರು ಬದುಕಿದ್ದಾರೆ ಎಂದು ತೋರಿಸಲು ಕರೆದುಕೊಂಡು ಹೋದ ದಿನ, ಹೀಗಾಗಿಯೇ ಕಂಪ್ಯೂಟರ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಒಪ್ಪಲಿಲ್ಲ.

"ಒರಸ್ಕೊಂಡು ಒತ್ರಿ ಯಮ್ಮಾ," ಎಂದ ಅಂಗಡಿಯವನು. ಒರೆಸಿಕೊಂಡು ಒತ್ತಿದರು. ಪರದೆ ಮತ್ತೆ ಕೆಂಪಾಯಿತು.

ಆಮೇಲೆ ಅವನು ಮುಖ ಗುರುತಿಸಲು ಮೊಬೈಲ್ ಹಿಡಿದ. ಅದರೊಳಗಿನ ಹೆಣ್ಣುದನಿ ನುಣ್ಣಗೆ, "ದಯವಿಟ್ಟು ಕಣ್ಣು ಮುಚ್ಚಿ ತೆರೆಯಿರಿ" ಅಂದಿತು. ಅತ್ತೆ ಮುಚ್ಚಿದರು. ಮದುವೆಯಾಗಿ ಬಂದಾಗಿನಿಂದ ದಿನಾ ಲಿಂಗಪೂಜೆ ಮಾಡುವ ಜೀವ. ಎಡಗೈ ತಾನಾಗಿಯೇ ಎದೆಯ ಮುಂದೆ ಬಂತು, ಅಂಗೈ ಲಿಂಗ ಹಿಡಿದಂತೆ ಬಾಗಿತು, ತುಟಿ "ಓಂ ನಮಃ ಶಿವಾಯ" ಅನ್ನತೊಡಗಿತು. "ಕಣ್ಣ ತಗೀರಿ, ತಗೀರಿ!" ಎಂದು ಅವನು ಕೂಗುವಷ್ಟರಲ್ಲಿ ಮೊಬೈಲ್ ಹೇಳಿಬಿಟ್ಟಿತು: ಜೀವಂತ ವ್ಯಕ್ತಿ ಕಂಡುಬಂದಿಲ್ಲ.

ಸಾಲಿನಲ್ಲಿದ್ದವರು ನಕ್ಕರು. ಸುಳ್ಳೇಕೆ, ನಾನೂ ನಕ್ಕೆ. ಆದರೆ ಅವನ ಮುಂದಿನ ಮಾತಿಗೆ ನನ್ನ ಮೈ ಉರಿಯಿತು.

"ತಲಿ ಮ್ಯಾಲಿನ ಸೆರಗ ತಗೀರಿ. ಮಾರಿ ಹಿಡೀವಲ್ದು."

ಮಾವ ತೀರಿಕೊಂಡ ದಿನವೂ ಜಾರದ ಸೆರಗು ಅದು. ಅತ್ತೆ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಪಿಂಚಣಿ ಬ್ಯಾಡವ್ವಾ, ನಡಿ ಮನಿಗೆ."

"ಏನ್ರಿ, ಇದಕ್ಕ ಬ್ಯಾರೆ ದಾರಿನ ಇಲ್ಲೇನು?" ಅಂದೆ.

"ಅದು ಕೇಳಿದ್ದ ನಾ ಕೇಳ್ತೇನಿ ಅಕ್ಕಾರ. ಇದನ್ನ ನಾ ತಯಾರ ಮಾಡೀನೇನು?"

"ಮಾಡಿದವ್ರಿಗೆ ಅವ್ವ ಇದ್ದಿಲ್ಲೇನು?"

ಆಗ ನಮ್ಮ ಹಿಂದೆ ನಿಂತಿದ್ದ ಬುರ್ಖಾದ ಮುದುಕಿ, "ಹೋದ ಸಲ ನನಗ ಕಣ್ಣಿಗೆ ಡಬ್ಬಿ ಹಿಡಿದಿದ್ಯಲ್ಲೋ ತಮ್ಮಾ, ಅದೆಲ್ಲೈತಿ?" ಎಂದಳು. ಶಿವನೇ ಅವಳನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದ. ಕಣ್ಣಿನ ಪಾಪೆ ನೋಡಿ ಗುರುತು ಹಿಡಿಯುವ ಆ ಡಬ್ಬಿ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ಬಳಸುವ ಗುಂಡಿ ಪರದೆಯ ಕೊಟ್ಟಕೊನೆಗೆ, ಎಳ್ಳಿನಷ್ಟು ಅಕ್ಷರದಲ್ಲಿತ್ತು. ಅವನು ಧೂಳು ಊದಿ ಡಬ್ಬಿ ಹಿಡಿದ. ಸೆರಗು ತಲೆಯ ಮೇಲಿದ್ದಂತೆಯೇ ಅತ್ತೆಯ ಕಣ್ಣು ಒಂದೇ ಸಲಕ್ಕೆ ಒಪ್ಪಿತವಾಯಿತು.

ಡಬ್ಬಿಯಾದರೂ ಇತ್ತಲ್ಲ, ಅದೊಂದು ಉಪಕಾರ ಅಂತ ಎಣಿಸಿಕೊಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಮನೆಗೆ ಬಂದವರಿಗೆ ಹಲ್ಲು ಗಟ್ಟಿಯಿದ್ದರೆ ಖಡಕ್ ರೊಟ್ಟಿ ಬಡಿಸುತ್ತೇನೆ, ಇಲ್ಲದಿದ್ದರೆ ಹಾಲಿನಲ್ಲಿ ನೆನೆಸಿ ಕೊಡುತ್ತೇನೆ. ಎಲ್ಲರ ಮುಂದೆ ಖಡಕ್ ರೊಟ್ಟಿಯನ್ನೇ ಇಟ್ಟು, ತಿನ್ನಲಾರದವರನ್ನು ಸತ್ತವರೆಂದು ಬರೆಯುವುದಿಲ್ಲ. ಆ ಯಂತ್ರ ಮಾಡಿದ, ಇಷ್ಟೊಂದು ಓದಿದವರಿಗೆ ಇದು ಹೊಳೆಯಲಿಲ್ಲವೇ?

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು: "ನಾ ಅದೀನಿ ಅಂತ ಬರ್ಕೊಂಡ್ರೇನು?"

"ಹೌದ್ರಿ ಅತ್ತಿ, ಬರ್ಕೊಂಡ್ರು."

"ಬರೂ ವರ್ಷ ಮತ್ತ ಕೇಳ್ತಾರೇನು?"

"ಕೇಳ್ತಾರ್ರಿ."

ಅವರು ಸೆರಗನ್ನು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಂಡರು. "ಹಂಗಾರ ಆ ಡಬ್ಬಿ ಮೇಜಿನ ಮ್ಯಾಲ ಇಡು ಅಂತ ಹೇಳಿ ಬಾ ಹೋಗು."

ಹೋಗಿ ಹೇಳಿದೆ. ಮೆಲ್ಲಗೇನೂ ಹೇಳಲಿಲ್ಲ.