ಜನವರಿ ಒಂದರ ಮಹದೇವಮ್ಮಂದಿರು

ಗೆಳೆಯರೇ, ನನ್ನ ಕೋಡ್‌ನಿಂದ ಇವತ್ತು ಒಬ್ಬರ ಜೀವಕ್ಕೇ ಕುತ್ತು ಬರುತ್ತಿತ್ತು.

ಕೆಸರೆಯ ಒಂದು ಸಣ್ಣ ಕ್ಲಿನಿಕ್ಕಿನವರು ರೋಗಿಗಳ ವಿವರವನ್ನು ಇಷ್ಟು ದಿನ ಎಕ್ಸೆಲ್ ಪಟ್ಟಿಯಲ್ಲಿ ಇಟ್ಟಿದ್ದರು. ಅದನ್ನು ಹೊಸ ಆ್ಯಪ್‌ಗೆ ಬೇಕಾದ ಜೇಸನ್ ಎಂಬ ಕಡತದ ರೂಪಕ್ಕೆ ಬದಲಾಯಿಸಿಕೊಟ್ಟವನು ನಾನು. ಹೆಸರು, ಹುಟ್ಟಿದ ದಿನಾಂಕ ಎರಡೂ ಒಂದೇ ಆಗಿದ್ದರೆ ಒಬ್ಬರೇ ವ್ಯಕ್ತಿ ಎಂದು ಕೋಡ್‌ನಲ್ಲಿ ಬರೆದಿದ್ದೆ. ಇವತ್ತು ಆ್ಯಪ್‌ನ ಮೊದಲ ದಿನವಾದ್ದರಿಂದ ನರ್ಸ್ ಪಕ್ಕದಲ್ಲೇ ಕೂತಿದ್ದೆ.

ಕಾಲಿನ ಗಾಯ ತೋರಿಸಲು ಮಹದೇವಮ್ಮ ಎಂಬುವವರು ಬಂದರು. ನರ್ಸ್ ಪರದೆ ನೋಡಿ ಸಿರಿಂಜ್ ಕೈಗೆತ್ತಿಕೊಂಡರು.

"ಆ ಸೂಜಿ ನಂಗೆ ಆಗಕ್ಕಿಲ್ಲ ಕಣವ್ವ. ಹೋದ್ಸಲ ಉಸ್ರೇ ಕಟ್ಬುಟ್ಟಿತ್ತು. ನೀವೇ ಬರ್ಕಂಡಿದ್ರಲ್ಲ."

ಪರದೆಯಲ್ಲಿ ಹಾಗೇನೂ ಇರಲಿಲ್ಲ. ಹಳೆಯ ಪಟ್ಟಿ ತೆರೆದೆ. ಅಲ್ಲಿ ನಾಲ್ವರು ಮಹದೇವಮ್ಮಂದಿರಿದ್ದರು. ನಾಲ್ವರೂ ಹುಟ್ಟಿದ್ದು ಒಂದೇ ವರ್ಷದ ಜನವರಿ ಒಂದರಂದು. ನನ್ನ ಕೋಡ್ ಒಬ್ಬರ ವಿವರದ ಮೇಲೆ ಇನ್ನೊಬ್ಬರದನ್ನು ಬರೆಯುತ್ತಾ ಹೋಗಿ ಕೊನೆಯವರನ್ನಷ್ಟೇ ಉಳಿಸಿಕೊಂಡಿತ್ತು. ಇವರ ಅಲರ್ಜಿಯ ವಿವರ ಅಳಿಸಿಹೋಗಿತ್ತು.

"ಇಲ್ಲಿ ನಾಲ್ವರು ಮಹದೇವಮ್ಮ ಇದ್ದಾರೆ, ಎಲ್ಲರೂ ಒಂದೇ ದಿನ ಹುಟ್ಟಿದ್ದಾ ಅಮ್ಮ?" ಎಂದೆ.

"ಯಾವತ್ತು ಹುಟ್ಟಿದ್ವೋ ಯಾರ್ಗೊತ್ತಪ್ಪ. ಆಧಾರ್ ಕಾರ್ಡ್ ಮಾಡೋನು ಅಂದಾಜಲ್ಲಿ ಒಂದು ವರ್ಷ ಹಾಕಿ, ಜನವರಿ ಒಂದು ಅಂತ ಬರ್ಕಂಡ. ನಮ್ ಬೀದೀಲಿ ಎಲ್ರುಗೂ ಅಂಗೇ."

ನರ್ಸ್ ಸಿರಿಂಜ್ ಕೆಳಗಿಟ್ಟರು. ನನ್ನ ಮುಖ ನೋಡಲಿಲ್ಲ. ಆ್ಯಪ್ ನಿಲ್ಲಿಸಿ, ಸಂಜೆಯವರೆಗೂ ಕೂತು ನಾಲ್ವರನ್ನೂ ಮತ್ತೆ ನಾಲ್ವರಾಗಿ ಮಾಡಿ ಬಂದೆ.

ನನ್ನ ಅಮ್ಮನ ಕಾರ್ಡಿನಲ್ಲೂ ಜನವರಿ ಒಂದು ಎಂದೇ ಇದೆ. ಪ್ರತಿ ಹೊಸ ವರ್ಷದ ದಿನ ಅವಳಿಗೆ ಕೇಕ್ ತರುವವನು ನಾನೇ.